ಅಸಲು ಪತ್ರ ಎಲ್ಲುಂಟು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವ ಕಷ್ಟವೇ ಬೇಡವೆಂದು ಕಟ್ಟಿದ ಮನೆಯನ್ನು ಕೊಳ್ಳಲು ಹೊರಟವರ ಪಾಡಿಗೆ ಮಾತ್ರ ಗಾದೆ ಹುಟ್ಟಿದಂತಿಲ್ಲ. ಕೆಂಪುಕಲ್ಲು, ಸಿಮೆಂಟು, ಮೇಸ್ತ್ರಿಗಳ ಕಾಟ ಅವರಿಗಿಲ್ಲ ನಿಜ. ಅವರ ಕಾಟವೆಲ್ಲ ಕಾಗದದಲ್ಲಿರುತ್ತದೆ.

ಪುತ್ತೂರು ತಾಲೂಕಿನ ಕೆದಂಬಾಡಿಯವರಾದ ನನ್ನ ದೊಡ್ಡಪ್ಪ ಮುಂಬಯಿಯ ಹೋಟೆಲೊಂದರಲ್ಲಿ 30 ವರ್ಷ ದುಡಿದು ಊರಿಗೆ ಮರಳಿದವರು. ತಿಂಗಳಾಡಿಗೆ ಹತ್ತಿರದಲ್ಲೇ 12 ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ, ಬಾವಿ, ನಾಲ್ಕು ತೆಂಗಿನ ಮರ ನೋಡಿ ಒಪ್ಪಿದರು. ಮಾರುವವರು ಮರ್ಯಾದಸ್ಥರು. ಋಣಭಾರ ಪತ್ರ ತೆಗೆಸಿದಾಗ ಅದರಲ್ಲಿ ಸಾಲದ ಸುಳಿವೇ ಇರಲಿಲ್ಲ. ಕರಾರು ಆಯಿತು, 2 ಲಕ್ಷ ರೂಪಾಯಿ ಮುಂಗಡವೂ ಹೋಯಿತು. ಕ್ರಯಪತ್ರ ಬರೆಸಲು ಪುತ್ತೂರಿನ ಹಳೆಯ ದಸ್ತಾವೇಜು ಬರಹಗಾರರೊಬ್ಬರ ಬಳಿ ಹೋದಾಗ ಅವರು ಕಾಗದಗಳನ್ನು ಮಗುಚಿ ನೋಡಿ ಕನ್ನಡಕ ತೆಗೆದರು.

“ಇದು ನಕಲು ಮಾರಾಯ್ರೆ. ಅಸಲು ಪತ್ರ ಎಲ್ಲುಂಟು?”

“ಮನೆಯಲ್ಲುಂಟು. ರಿಜಿಸ್ಟ್ರಿ ದಿನ ತರ್ತೇನೆ” ಎಂದರು ಮಾರುವವರು.

“ಹಾಗಾದ್ರೆ ಅದು ಬಂದ ದಿನವೇ ಬರೆಯುವ, ಆಗದಾ?”

ಅಸಲು ಪತ್ರ ಬರಲಿಲ್ಲ. ಅದು ಬೆಂಗಳೂರಿನಲ್ಲಿ ಸಾಲ ಕೊಟ್ಟವರೊಬ್ಬರ ಕಪಾಟಿನಲ್ಲಿತ್ತು. ಮುಂಗಡದ ಹಣ ಕಂತುಕಂತಾಗಿ ಮರಳಲು ಒಂದೂವರೆ ವರ್ಷ ಹಿಡಿಯಿತು. ಆ ಒಂದು ಪ್ರಶ್ನೆ ಬಾರದೆ ಹೋಗಿದ್ದರೆ 30 ವರ್ಷದ ದುಡಿಮೆ ಹೋಗುತ್ತಿತ್ತು.

ಅಡವಿನ ಸ್ವಭಾವವೇ ಹಾಗೆ. ಸಾಲ ಮಾಡಿದವನು ಜಾಗವನ್ನು ಮಾರಿದ ಮಾತ್ರಕ್ಕೆ ಅಡವು ಬಿಡುಗಡೆಯಾಗುವುದಿಲ್ಲ. ಅದು ನೆಲಕ್ಕೆ ಅಂಟಿಕೊಂಡು ಹೊಸ ಯಜಮಾನನ ಹಿಂದೆಯೇ ಬರುತ್ತದೆ. ಹಣ ಪಡೆದವನೊಬ್ಬ, ಮನೆ ಕಳೆದುಕೊಳ್ಳುವವನು ಮತ್ತೊಬ್ಬ. ಈ ಮೋಸವನ್ನು ತಡೆಯಲು ಮನುಷ್ಯ ಏನೇನು ಮಾಡಿದ, ಎಲ್ಲಿ ಬಾಗಿಲು ಮುಚ್ಚಿದ, ಎಲ್ಲಿ ತೆರೆದೇ ಬಿಟ್ಟ ಎಂಬುದನ್ನು ತಿಳಿದರೆ ಆ ಬರಹಗಾರರ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಹಳೆಯ ಮೋಸ, ಹಳೆಯ ಶಿಕ್ಷೆ

ಒಂದೇ ನೆಲವನ್ನು ಇಬ್ಬರಿಗೆ ಅಡವಿಡುವುದು ನಮ್ಮ ಕಾಲದ ಜಾಣತನವೇನೂ ಅಲ್ಲ. ಒಬ್ಬನಿಗೆ ಅಡವಿಟ್ಟ ಭೂಮಿಯನ್ನು ಬಿಡಿಸಿಕೊಳ್ಳದೆ ಇನ್ನೊಬ್ಬನಿಗೆ ಅಡವಿಟ್ಟವನಿಗೆ ವಿಷ್ಣುಸ್ಮೃತಿ ದೇಹದಂಡನೆ ವಿಧಿಸುತ್ತದೆ. ನೆಲ ಚಿಕ್ಕದಾಗಿದ್ದರೆ 16 ಸುವರ್ಣ ದಂಡ. ಯಾಜ್ಞವಲ್ಕ್ಯಸ್ಮೃತಿ ಇನ್ನೊಂದು ಸೂತ್ರ ಕೊಟ್ಟಿತು. ಬೇರೆ ವ್ಯವಹಾರಗಳಲ್ಲಿ ಕೊನೆಯದಾಗಿ ನಡೆದದ್ದಕ್ಕೆ ಬಲ ಹೆಚ್ಚಾದರೂ ಅಡವು, ದಾನ, ಕ್ರಯಗಳಲ್ಲಿ ಮೊದಲು ನಡೆದದ್ದೇ ನಿಲ್ಲುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಅವನಿದ್ದ. ಸಾಲಕ್ಕೆ ಒತ್ತೆಯಿಟ್ಟ ವಸ್ತುವನ್ನು ಸುಮ್ಮನೆ ಕಾಪಾಡುವುದು ಒಂದು ಬಗೆ, ಅದರ ಫಲವನ್ನು ಅನುಭವಿಸುವುದು ಇನ್ನೊಂದು ಬಗೆ. ಎರಡನೆಯದು ಭೋಗ್ಯ. ಬೆಂಗಳೂರು, ಮೈಸೂರುಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಹಲಗೆಯಲ್ಲಿ ಆ ಪ್ರಾಚೀನ ಪದ ಇಂದಿಗೂ ಉಳಿದಿದೆ.

ಕ್ರಿಸ್ತಪೂರ್ವದ ಅಥೆನ್ಸ್ ನಗರದಲ್ಲಿ ಅಡವಿಟ್ಟ ಹೊಲಮನೆಗಳಲ್ಲಿ ಕಲ್ಲು ನೆಡುತ್ತಿದ್ದರು. ಸಾಲದ ವಿವರವನ್ನು ಅದರ ಮೇಲೆ ಕೆತ್ತುತ್ತಿದ್ದುದರಿಂದ ಕೊಳ್ಳಲು ಬಂದವನು ಕಣ್ಣಾರೆ ಓದಬಹುದಿತ್ತು. ಇಂಗ್ಲೆಂಡಿನಲ್ಲಿ 1692ರಲ್ಲಿ ಗುಪ್ತ ಅಡವುಗಳನ್ನು ತಡೆಯಲೆಂದೇ ಒಂದು ಶಾಸನವಾಯಿತು. ಮೊದಲಿನ ಅಡವನ್ನು ಮುಚ್ಚಿಟ್ಟು ಮತ್ತೆ ಅಡವಿಟ್ಟವನು ಆ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದ. ನಮ್ಮಲ್ಲಿ 1860ರ ಭಾರತೀಯ ದಂಡ ಸಂಹಿತೆ ವಂಚನೆಯ ಅರ್ಥ ಹೇಳುವಾಗ ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು: ಒಬ್ಬನಿಗೆ ಮಾರಿಬಿಟ್ಟ ಆಸ್ತಿಯನ್ನು ಅದನ್ನು ತಿಳಿಸದೆ ಇನ್ನೊಬ್ಬನಿಗೆ ಮಾರಿ ಅಥವಾ ಅಡವಿಟ್ಟು ಹಣ ಪಡೆಯುವುದು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದರೂ ಅಪರಾಧ ಅದೇ.

ಇವುಗಳಲ್ಲಿ ಅಥೆನ್ಸಿನ ಕಲ್ಲನ್ನು ಬಿಟ್ಟರೆ ಉಳಿದವೆಲ್ಲ ಮೋಸ ನಡೆದ ಮೇಲಿನ ಶಿಕ್ಷೆಗಳು. ಮೋಸಗಾರ ಜೈಲಿಗೆ ಹೋದರೆ ಕೊಂಡವನ ಹಣ ತಾನಾಗಿ ಬರುವುದಿಲ್ಲ. ಅದಕ್ಕಾಗಿ ಕಲ್ಲಿನ ಕೆಲಸವನ್ನು ಮಾಡುವ ಪುಸ್ತಕವೊಂದು ಬೇಕಾಯಿತು.

ಸಾಲವನ್ನು ಬಯಲಿಗಿಡುವ ಪುಸ್ತಕ

1799ರಲ್ಲಿ ಟಿಪ್ಪು ಮಡಿದ ಬಳಿಕ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದರೆ ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಅಧೀನದಲ್ಲಿತ್ತು. ಆದ್ದರಿಂದ ಪುತ್ತೂರಿನ ಹಳೆಯ ಪತ್ರಗಳ ಕಥೆ ಮದರಾಸಿನಿಂದ ಆರಂಭವಾಗುತ್ತದೆ. ಅಲ್ಲಿ 1802ರ 17ನೇ ರೆಗ್ಯುಲೇಶನ್ ಪತ್ರಗಳ ನೋಂದಣಿಗೆ ಅವಕಾಶ ಕೊಟ್ಟಿತು. ಇಡೀ ದೇಶಕ್ಕೆ ಅನ್ವಯಿಸುವ ನೋಂದಣಿ ಕಾಯ್ದೆ ಬಂದದ್ದು 1864ರಲ್ಲಿ. ಹಲವು ತಿದ್ದುಪಡಿಗಳ ನಂತರ 1908ರ ನೋಂದಣಿ ಕಾಯ್ದೆ ರೂಪುಗೊಂಡಿತು. ಇಂದಿಗೂ ನಡೆಯುತ್ತಿರುವುದು ಅದೇ. ಇದರ ಜತೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, 100 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಅಡವು ಸಾಮಾನ್ಯವಾಗಿ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ವಿಧಿಸಿತು. ಇದಕ್ಕೊಂದು ಅಪವಾದವಿದೆ. ಅದು ಮುಂದೆ ಬರುತ್ತದೆ.

ಸ್ಥಿರಾಸ್ತಿಯ ಪತ್ರಗಳ ನಕಲು ಸೇರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ. ಶುಲ್ಕ ಕೊಟ್ಟ ಯಾರೇ ಆಗಲಿ ಅದನ್ನು ನೋಡಬಹುದು. ಆ ಪುಸ್ತಕದ ಸಾರಾಂಶವೇ ನಾವು ತೆಗೆಸುವ ಋಣಭಾರ ಪತ್ರ, ಜನರ ಬಾಯಲ್ಲಿ ‘ಇ.ಸಿ.’. ಕರ್ನಾಟಕದಲ್ಲಿ ಕೇಳಿದ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ 15ನೇ ನಮೂನೆ, ಇಲ್ಲದಿದ್ದರೆ 16ನೇ ನಮೂನೆ ಕೊಡುತ್ತಾರೆ.

ಪುಸ್ತಕ ಬಯಲಿನಲ್ಲಿರುವುದರಿಂದ ಕಾನೂನು ಕೊಳ್ಳುವವನ ಮೇಲೂ ಒಂದು ಹೊರೆ ಹೊರಿಸಿದೆ. 1929ರ ತಿದ್ದುಪಡಿಯ ಪ್ರಕಾರ, ನೋಂದಣಿಯಾದ ಪತ್ರದ ವಿಷಯ ಕೊಳ್ಳುವವನಿಗೆ ಗೊತ್ತಿತ್ತು ಎಂದೇ ಭಾವಿಸಲಾಗುತ್ತದೆ. ನೋಡಲಿಲ್ಲ, ಗೊತ್ತಿರಲಿಲ್ಲ ಎಂಬ ಮಾತು ನ್ಯಾಯಾಲಯದಲ್ಲಿ ನಡೆಯದು. ಮನೆಯಲ್ಲಿ ಬೇರೆಯವರು ವಾಸವಾಗಿದ್ದರೆ ಅವರ ಹಕ್ಕೂ ಅವನಿಗೆ ತಿಳಿದಿತ್ತೆಂದೇ ಲೆಕ್ಕ. ಭೋಗ್ಯಕ್ಕೆ ಕುಳಿತವರನ್ನು ಮಾತನಾಡಿಸದೆ ಮನೆ ಕೊಳ್ಳಬಾರದು ಎನ್ನುವುದು ಇದಕ್ಕೇ. ಭೋಗ್ಯಕ್ಕೆ ಮನೆ ಹಿಡಿಯುವವರೂ ಎಚ್ಚರ ತಪ್ಪುವಂತಿಲ್ಲ. ಬ್ಯಾಂಕಿಗೆ ಮೊದಲೇ ಅಡವಾದ ಮನೆಯನ್ನು ಭೋಗ್ಯಕ್ಕೆ ಪಡೆದರೆ ಮುಂದೆ ಹರಾಜಿನ ನೋಟೀಸು ಬಾಗಿಲಿಗೆ ಅಂಟುವಾಗ ಕೊಟ್ಟ ಲಕ್ಷಗಳನ್ನು ವಸೂಲು ಮಾಡುವುದು ಸುಲಭವಲ್ಲ.

ಎಷ್ಟು ವರ್ಷದ ಋಣಭಾರ ಪತ್ರ ತೆಗೆಸಬೇಕು? ಇದಕ್ಕೂ ಚರಿತ್ರೆಯೇ ಉತ್ತರ ಹೇಳುತ್ತದೆ. 1908ರ ಕಾಲಮಿತಿ ಕಾಯ್ದೆ ಅಡವು ಬಿಡಿಸಿಕೊಳ್ಳಲು 60 ವರ್ಷಗಳ ಅವಕಾಶ ಕೊಟ್ಟಿತ್ತು. 1963ರ ಕಾಯ್ದೆ ಅದನ್ನು 30ಕ್ಕೆ ಇಳಿಸಿತು. ಆದ್ದರಿಂದ ಬ್ಯಾಂಕಿನವರು 13 ವರ್ಷದ್ದು ಸಾಕೆಂದರೂ 30 ವರ್ಷದ್ದನ್ನು ತೆಗೆಸುವುದು ಲೇಸು. ಸ್ವಾಧೀನ ಕೊಟ್ಟು, ಫಲ ಉಣ್ಣಲು ಬಿಟ್ಟ ಅಡವಿನ ವಿಷಯ ಇನ್ನೂ ಬೇರೆ. ಬರೇ 30 ವರ್ಷ ಕಳೆದ ಮಾತ್ರಕ್ಕೆ ಅಡವಿಟ್ಟವನ ಹಕ್ಕು ಅಳಿಯುವುದಿಲ್ಲ, ಸಾಲ ತೀರಿದಂದಿನಿಂದ ಮಾತ್ರ ಕಾಲ ಎಣಿಸಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಹೇಳಿತು. ಫಲಭೋಗ್ಯದ ಅಡವು ನಾಶವಾಗದು ಎಂಬುದು ಯಾಜ್ಞವಲ್ಕ್ಯನ ಮತವೂ ಆಗಿತ್ತು. ಅಂಥ ನೆಲವನ್ನು ತನ್ನದೆಂದು ಮಾರುವವನ ಅಜ್ಜ ಕೇವಲ ಅಡವು ಹಿಡಿದವನಾಗಿದ್ದರೆ ಕೊಂಡವನಿಗೆ ಸಿಗುವುದೂ ಅಷ್ಟೇ ಹಕ್ಕು.

ಈ ಜಿಲ್ಲೆಯ ಸಿಕ್ಕುಗಳು

ದಕ್ಷಿಣ ಕನ್ನಡದ ನೆಲದ ಕಾಗದಗಳಲ್ಲಿ ಬೇರೆಡೆ ಕಾಣದ ಶಬ್ದಗಳಿವೆ. ವರ್ಗದಾರ, ಮೂಲಗೇಣಿ, ಚಾಲಗೇಣಿ, ಕುಮ್ಕಿ, ಅಡಂಗಲ್ಲು. ವರ್ಗದಾರ ಸರಕಾರಕ್ಕೆ ತೀರ್ವೆ ಕಟ್ಟುವವನು. ಮೂಲಗೇಣಿದಾರನದು ಶಾಶ್ವತ ಒಕ್ಕಲುತನ, ಚಾಲಗೇಣಿದಾರನದು ಒಡೆಯನ ಇಚ್ಛೆಗೆ ಒಳಪಟ್ಟದ್ದು. ಒಂದೇ ಗದ್ದೆಯ ಮೇಲೆ ಹೀಗೆ ಇಬ್ಬರು ಮೂವರ ಹಕ್ಕು ಇರುತ್ತಿತ್ತು. ಒಬ್ಬೊಬ್ಬನೂ ತನ್ನ ಹಕ್ಕನ್ನಷ್ಟೇ ಅಡವಿಡಬಹುದಿತ್ತು. ಹಳೆಯ ಪತ್ರದಲ್ಲಿ ಏನನ್ನು ಮಾರಿದ್ದಾರೆ, ಭೂಮಿಯನ್ನೋ ಅದರ ಮೇಲಿನ ಗೇಣಿ ಹಕ್ಕನ್ನೋ ಎಂಬುದನ್ನು ಓದಿಯೇ ತಿಳಿಯಬೇಕು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕೃಷಿಭೂಮಿಯ ಗೇಣಿಯನ್ನು ಕೊನೆಗೊಳಿಸಿತು. 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟ ಒಕ್ಕಲುಗಳು ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಪಡೆದರು. ಹೀಗೆ ಬಂದ ಭೂಮಿಯನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಗೆ 1978ರ ಕಾಯ್ದೆಯ ರಕ್ಷಣೆಯಿದೆ. ಅದನ್ನು ಕೊಂಡವರ ಕ್ರಯವೇ ರದ್ದಾಗಬಹುದು. ವರ್ಗ ಜಾಗಕ್ಕೆ ತಾಗಿದ ಕುಮ್ಕಿಯೋ ಸರಕಾರದ ನೆಲ. ಸೊಪ್ಪು, ಸೌದೆಗಾಗಿ ವರ್ಗದಾರನಿಗಿದ್ದ ಸವಲತ್ತು ಅದು. ಅಂಗಳ ದಾಟಿ ಗುಡ್ಡೆಯವರೆಗೆ ಬೆರಳು ತೋರಿಸಿ ‘ಅಲ್ಲಿವರೆಗೂ ನಮ್ಮದೇ’ ಎಂದರೆ ಚಕ್ಕುಬಂದಿಯನ್ನೂ ನಕ್ಷೆಯನ್ನೂ ಹೋಲಿಸಿ ನೋಡಬೇಕು.

ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಇಡೀ ಕುಟುಂಬದ್ದು, ಯಜಮಾನ ಅದರ ಉಸ್ತುವಾರಿ. ಯಜಮಾನ ಮಾಡಿದ ಸಾಲ ಕುಟುಂಬದ ಅಗತ್ಯಕ್ಕೋ ಸ್ವಂತಕ್ಕೋ ಎಂಬ ವಾದ ನ್ಯಾಯಾಲಯಗಳಿಗೆ ಹೊಸದಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ಮಾಡಿಕೊಟ್ಟಿತು. 2005ರ ತಿದ್ದುಪಡಿಯ ನಂತರ ಮಿತಾಕ್ಷರ ಪದ್ಧತಿಯ ಕುಟುಂಬಗಳಲ್ಲೂ ಹೆಣ್ಣುಮಕ್ಕಳು ಗಂಡುಮಕ್ಕಳಷ್ಟೇ ಹಕ್ಕುದಾರರು. ವಂಶವೃಕ್ಷ ಕೇಳುವುದನ್ನು ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. ಮುಂಬಯಿಯಲ್ಲಿರುವ ಅಕ್ಕನ ಸಹಿ ಇಲ್ಲದೆ ಕೊಂಡ ಮನೆಯ ಕಿರಿಕಿರಿ ಅದಕ್ಕಿಂತ ದೊಡ್ಡದು.

ಇದರ ನಡುವೆ ಸಾಲ ಪಡೆಯುವುದು ಅವಮಾನವಲ್ಲವೆಂದು ತೋರಿಸಿದ ಊರೂ ಪುತ್ತೂರೇ. ಇಲ್ಲಿನ ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿಗೆ ಮುಂದಾಳಾಗಿ 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಲು ಕಾರಣರಾದರು. ಅಡವು ಇರುವುದೇ ದೋಷವಲ್ಲ, ಮುಚ್ಚಿಡುವುದು ದೋಷ.

ಪುಸ್ತಕದಲ್ಲಿ ಕಾಣದ ಅಡವು

ಈಗ ಆ ಅಪವಾದಕ್ಕೆ ಬರೋಣ. ಸಾಲಕ್ಕೆ ಭದ್ರತೆಯೆಂದು ಆಸ್ತಿಯ ಮೂಲ ಪತ್ರಗಳನ್ನು ಸಾಲಗಾರ ಒಪ್ಪಿಸಿದರೆ ಅಷ್ಟರಿಂದಲೇ ಅಡವು ಆಗಿಬಿಡುತ್ತದೆ. ಬೇರೆ ಪತ್ರ ಬರೆಯಬೇಕಿಲ್ಲ, ನೋಂದಣಿಯೂ ಬೇಕಿಲ್ಲ. ಇಂಗ್ಲೆಂಡಿನ ನ್ಯಾಯಾಲಯ 1783ರಲ್ಲಿ ರಸೆಲ್ ಪ್ರಕರಣದಲ್ಲಿ ಒಪ್ಪಿದ ಈ ಪದ್ಧತಿ ಇಲ್ಲಿನ ವರ್ತಕರಿಗೆ ಅನುಕೂಲವಾಯಿತು. ಕಾಯ್ದೆ ಇದನ್ನು ಮದರಾಸು, ಮುಂಬಯಿ, ಕಲಕತ್ತೆಗಳಂತಹ ನಗರಗಳಿಗೂ ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಊರುಗಳಿಗೂ ಸೀಮಿತಗೊಳಿಸಿದೆ. ಆದರೆ ಪತ್ರ ಒಪ್ಪಿಸುವ ಊರು ಅಂಥದ್ದಾಗಿದ್ದರೆ ಸಾಕು. ಆಸ್ತಿ ಎಲ್ಲಿಯೂ ಇರಬಹುದು. ಕೆದಂಬಾಡಿಯ ಮನೆ ಬೆಂಗಳೂರಿನಲ್ಲಿ ಅಡವಾಗಬಹುದು. ಪತ್ರ ಒಪ್ಪಿಸಿದ ಬಗ್ಗೆ ಬರೆದ ಯಾದಿಯನ್ನು ನೋಂದಾಯಿಸಿದ್ದರೆ ಋಣಭಾರ ಪತ್ರದಲ್ಲಿ ಕಾಣುತ್ತದೆ. ನೋಂದಾಯಿಸದಿದ್ದರೆ ಪುತ್ತೂರಿನ ಪುಸ್ತಕಕ್ಕೆ ಅದರ ಗಂಧವೇ ಇರದು. ನನ್ನ ದೊಡ್ಡಪ್ಪನ ಕೈಯಲ್ಲಿದ್ದ ಋಣಭಾರ ಪತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದುದೇ ಅಷ್ಟು.

ಈ ಕಿಂಡಿಯಲ್ಲಿ ನುಗ್ಗುವವರಿಗೆ ಒಳ್ಳೆಯ ಬಣ್ಣದ ನಕಲು ಯಂತ್ರ ಸಿಕ್ಕರೆ ಹೇಳುವುದೇ ಬೇಡ. 2023ರ ಕೊನೆಯಲ್ಲಿ, ಒಂದೇ ಆಸ್ತಿಗೆ ನಕಲಿ ದಾಖಲೆಗಳನ್ನು ಸೃಷ್ಟಿಸಿ 22 ಬ್ಯಾಂಕುಗಳಿಂದ ಸಾಲ ಪಡೆದ ಆರೋಪದ ಪ್ರಕರಣವನ್ನು ಬೆಂಗಳೂರಿನ ಜಯನಗರ ಪೊಲೀಸರು ಬೆಳಕಿಗೆ ತಂದರು. ಬ್ಯಾಂಕುಗಳಿಗೆ ವಕೀಲರೂ ಇರುತ್ತಾರೆ, ಮೌಲ್ಯಮಾಪಕರೂ ಇರುತ್ತಾರೆ. ಅವರೇ ಮೋಸಹೋಗುವಲ್ಲಿ ಸಾಮಾನ್ಯರ ಗತಿಯೇನು?

ಕಿಂಡಿ ಮುಚ್ಚುವ ಪ್ರಯತ್ನ ಆಗಿದೆ. 2002ರ ಸರ್ಫೇಸಿ ಕಾಯ್ದೆಯಡಿ 2011ರ ಮಾರ್ಚ್ 31ರಂದು ‘ಸರ್‌ಸಾಯ್’ ಎಂಬ ಕೇಂದ್ರ ದಾಖಲೆ ಕೇಂದ್ರ ಕೆಲಸ ಆರಂಭಿಸಿತು. ಪತ್ರ ಒಪ್ಪಿಸಿ ಪಡೆದ ಸಾಲಗಳನ್ನು ಬ್ಯಾಂಕುಗಳು ಅಲ್ಲಿ ದಾಖಲಿಸುತ್ತವೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಖಾಸಗಿಯಾಗಿ ಬಡ್ಡಿಗೆ ಕೊಡುವವರ ಕಪಾಟು ಮಾತ್ರ ಅಲ್ಲಿಯೂ ಕಾಣದು. ಹಾಗಾಗಿ ಮೂಲ ಪತ್ರವನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೆ ಬದಲಿಯಿಲ್ಲ.

ನೋಂದಣಿಯೇ ಹಕ್ಕಲ್ಲ

ಆಸ್ಟ್ರೇಲಿಯಾದ ದಕ್ಷಿಣ ಪ್ರಾಂತದಲ್ಲಿ 1858ರಲ್ಲಿ ರಾಬರ್ಟ್ ಟೊರೆನ್ಸ್ ಎಂಬವರು ಬೇರೊಂದು ಪದ್ಧತಿ ತಂದರು. ಅಲ್ಲಿ ಸರಕಾರ ಪತ್ರವನ್ನಷ್ಟೇ ದಾಖಲಿಸದೆ, ಈ ಭೂಮಿ ಇಂಥವನದೆಂದು ತಾನೇ ಖಾತರಿ ಕೊಡುತ್ತದೆ. ನಮ್ಮಲ್ಲಿ ಆ ಖಾತರಿಯಿಲ್ಲ. ಸಬ್‌ರಿಜಿಸ್ಟ್ರಾರರು ಬಂದ ಪತ್ರವನ್ನು ದಾಖಲಿಸುತ್ತಾರೆಯೇ ಹೊರತು ಮಾರುವವನಿಗೆ ಹಕ್ಕುಂಟೇ ಎಂದು ತೀರ್ಮಾನಿಸುವುದಿಲ್ಲ. ಆ ಅಧಿಕಾರ ಅವರಿಗಿಲ್ಲವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಕೆ. ಗೋಪಿ ಪ್ರಕರಣದಲ್ಲಿ ಮತ್ತೆ ಹೇಳಿತು. ಪಹಣಿ, ಖಾತೆಗಳೂ ಕಂದಾಯದ ಲೆಕ್ಕಕ್ಕೆ ಹುಟ್ಟಿದವು. ಕ್ರಯಪತ್ರವಿಲ್ಲದೆ ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ಮಾರಿದರೆ ಒಡೆತನ ಬಾರದೆಂಬುದೂ 2011ರ ಸೂರಜ್ ಲ್ಯಾಂಪ್ ತೀರ್ಪಿನಿಂದ ಸ್ಪಷ್ಟವಾಗಿದೆ.

ಕೊಳ್ಳುವವರು ಏನು ಮಾಡಬೇಕು?

ಮುಂಗಡ ಕೊಡುವ ಮುನ್ನವೇ ಮೂಲ ಪತ್ರಗಳನ್ನು ನೋಡಬೇಕು. ಈಗಿನ ಕ್ರಯಪತ್ರ ಮಾತ್ರವಲ್ಲ, ಅದಕ್ಕೂ ಹಿಂದಿನ ಕೊಂಡಿಗಳೂ ಇರಬೇಕು. ‘ಕಳೆದುಹೋಗಿದೆ’ ಎಂದು ಪೊಲೀಸ್ ದೂರಿನ ಪ್ರತಿ ತೋರಿಸಿದರೆ ಅನುಮಾನ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಅಂಥಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕಾಯುವುದು ವಾಡಿಕೆ.

ಋಣಭಾರ ಪತ್ರವನ್ನು ಕೊಳ್ಳುವವರೇ ಅರ್ಜಿ ಕೊಟ್ಟು ಪಡೆಯಬೇಕು, ಮಾರುವವರು ತಂದುಕೊಟ್ಟದ್ದನ್ನು ನೆಚ್ಚಬಾರದು. ಈಗ ಕಾವೇರಿ ತಂತ್ರಾಂಶದ ಮೂಲಕ ಮನೆಯಲ್ಲೇ ಪಡೆಯಬಹುದು. ಹಳೆಯ ವರ್ಷಗಳಿಗೆ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕಾಗಬಹುದು. ನೋಂದಣಿಯ ಹಿಂದಿನ ದಿನ ಇನ್ನೊಮ್ಮೆ ನೋಡುವುದು ಕ್ಷೇಮ. ಕರಾರಿಗೂ ಕ್ರಯಪತ್ರಕ್ಕೂ ನಡುವಿನ ತಿಂಗಳುಗಳಲ್ಲಿ ಹೊಸ ಅಡವು ಹುಟ್ಟಿಕೊಳ್ಳಬಹುದು. ಜಾಗ ಪಹಣಿಯಲ್ಲಿದ್ದರೆ ಹಕ್ಕು ಮತ್ತು ಋಣಗಳ 11ನೇ ಕಲಮನ್ನು ಓದಬೇಕು. ಸಹಕಾರಿ ಸಂಘದ ಬೆಳೆಸಾಲ ಅಲ್ಲಿ ಇಣುಕುವುದುಂಟು.

ಮಾರುವವರಿಗೆ ಸಾಲವಿದ್ದರೆ ಹೆದರಬೇಕಿಲ್ಲ. ಬಾಕಿ ಎಷ್ಟೆಂದು ಬ್ಯಾಂಕಿನಿಂದಲೇ ಬರಹದಲ್ಲಿ ಪಡೆದು, ಆ ಮೊತ್ತವನ್ನು ಮಾರುವವರ ಕೈಗೆ ಕೊಡದೆ ಬ್ಯಾಂಕಿನ ಹೆಸರಿಗೇ ಕಟ್ಟಬೇಕು. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಬ್ಯಾಂಕುಗಳಿಗೆ ವಿಧಿಸಿದೆ. ನೋಂದಾಯಿತ ಅಡವಾದರೆ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಹಳೆಯ ಅಡವು ವಿಜಯಾ, ಕಾರ್ಪೊರೇಷನ್ ಅಥವಾ ಸಿಂಡಿಕೇಟ್ ಬ್ಯಾಂಕಿನದಾಗಿದ್ದರೆ ಆ ಹೆಸರುಗಳು ಈಗಿಲ್ಲ. ಮೊದಲನೆಯದು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಇನ್ನೆರಡು 2020ರಲ್ಲಿ ಕ್ರಮವಾಗಿ ಯೂನಿಯನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳಲ್ಲಿ ಲೀನವಾದವು. ಬಿಡುಗಡೆಗೆ ಅಲ್ಲಿ ಹೋಗಬೇಕು.

ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯಲ್ಲೊಂದು ರಕ್ಷಣೆಯಿದೆ. ಕೊಳ್ಳುವ ಕರಾರಾದ ನಂತರ ಕಟ್ಟುವವರು ಆ ಫ್ಲ್ಯಾಟನ್ನು ಅಡವಿಡುವಂತಿಲ್ಲ. ಇಟ್ಟರೂ ಕೊಂಡವರ ಹಕ್ಕಿಗೆ ಅದು ಬಾಧಕವಾಗದು. ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಇಷ್ಟೆಲ್ಲ ಕೇಳಿದರೆ ಮಾರುವವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ ನಮ್ಮೂರ ಕಡೆ ಜಾಸ್ತಿ. ಗುರುತಿನವರು, ನೆಂಟರ ಪೈಕಿ, ಒಂದೇ ಜಾತ್ರೆಗೆ ಹೋಗುವವರು ಎಂಬ ಮುಲಾಜು. ನನ್ನ ದೊಡ್ಡಪ್ಪನ ಬಾಯಿ ಕಟ್ಟಿದ್ದೂ ಅದೇ. ಮಾರುವವನು ತನಗೆ ತಿಳಿದ ದೋಷವನ್ನು ಮುಚ್ಚಿಟ್ಟರೆ ಅದು ವಂಚನೆಯೆಂದು 1882ರ ಕಾಯ್ದೆಯೇ ಹೇಳುತ್ತದೆ. ಸರಿಯಾದ ಮಾರಾಟಗಾರನಿಗೆ ಕಾಗದ ತೋರಿಸಲು ಸಂಕೋಚವಿರಬೇಕಾದ ಕಾರಣವಿಲ್ಲ.

ದೊಡ್ಡಪ್ಪ ಮರುವರ್ಷ ಬೇರೆ ಮನೆ ಕೊಂಡರು. ಅದರ ಮೇಲೂ ಸಾಲವಿತ್ತು. ಮಾರಿದವರು ಮೊದಲ ದಿನವೇ ಅದನ್ನು ಹೇಳಿದ್ದರು. ಹಣ ನೇರವಾಗಿ ಬ್ಯಾಂಕಿಗೆ ಹೋಯಿತು, ಪತ್ರ ನೇರವಾಗಿ ಇವರ ಕೈಗೆ ಬಂತು. ಈಗ ಊರಲ್ಲಿ ಯಾರಾದರೂ ಜಾಗ ಕೊಳ್ಳುವ ಸುದ್ದಿ ತೆಗೆದರೆ ಅವರು ಕ್ರಯ ಎಷ್ಟೆಂದು ಕೇಳುವುದಿಲ್ಲ. ಬರಹಗಾರರು ಕೇಳಿದ ಪ್ರಶ್ನೆಯನ್ನೇ ಕೇಳುತ್ತಾರೆ.